ಆರು ವರ್ಷದೊಳಗಿನ ಮಗು ಯಾರ ಲೆಕ್ಕದಲ್ಲಿದೆ?

ನರಗುಂದ ಅಂದ ತಕ್ಷಣ ನಮ್ಮ ನ್ಯೂಸ್ ರೂಮಿಗೆ ಎರಡು ಇಸವಿ ನೆನಪಾಗುತ್ತವೆ. ಒಂದು 1858, ಇನ್ನೊಂದು 1980. ಮೊದಲನೆಯದು ಬಾಬಾಸಾಹೇಬ ಭಾವೆಯ ಬಂಡಾಯ, ಎರಡನೆಯದು ರೈತ ಬಂಡಾಯ. ಜುಲೈ 21 ಬಂತೆಂದರೆ ನಮ್ಮ ವರದಿಗಾರ ಕ್ಯಾಮೆರಾ ಎತ್ತಿಕೊಂಡು ನರಗುಂದಕ್ಕೆ ಹೊರಡ್ತಾನೆ. ವೀರಗಲ್ಲಿಗೆ ಮಾಲೆ ಹಾಕುವ ದೃಶ್ಯ ಕಳಿಸ್ತಾನೆ. ನಾವು ಮೂವತ್ತು ಸೆಕೆಂಡ್ ತೋರಿಸ್ತೀವಿ. ಅಲ್ಲಿಗೆ ಮುಗೀತು.

1858ರ ಕತೆಯ ಒಳಗೆ ಒಂದು ಮಗು ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಬಾಬಾಸಾಹೇಬನಿಗೆ ವಾರಸುದಾರ ಇರಲಿಲ್ಲ. ದತ್ತು ತಗೊಳ್ತೀನಿ, ಅನುಮತಿ ಕೊಡಿ ಅಂತ ಕಂಪನಿ ಸರ್ಕಾರವನ್ನು ಕೇಳಿದ. ಕಂಪನಿ ಒಪ್ಪಲಿಲ್ಲ. ಆ ಸಿಟ್ಟಿಗೆ ಇನ್ನೂ ಹಲವು ಸಿಟ್ಟುಗಳು ಸೇರಿದವು. ಆ ವರ್ಷದ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಹೋಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅರಮನೆಗೆ ಬಾರದೇ ಹೋದ ಒಂದು ಮಗುವಿನ ವಿಷಯ ಹೀಗೆ ಚರಿತ್ರೆಯ ಪುಟ ಸೇರಿತು. ಅದೇ ಗುಡ್ಡದ ಕೆಳಗೆ ಕೂಲಿಕಾರರ ಮಕ್ಕಳೂ ಇದ್ದರಲ್ಲ, ಅವರ ಚರಿತ್ರೆ ಎಲ್ಲಿಂದ ಶುರು ಮಾಡಬೇಕು? ಇವತ್ತು ನಾನು ಹೇಳೋಕೆ ಹೊರಟಿರೋದು ಅದನ್ನ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಮಹದಾಯಿ ಹೋರಾಟದ ಟೈಮಲ್ಲಿ. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತಿದ್ರು. ನಾನು ಓಬಿ ವ್ಯಾನ್ ಜೊತೆ ಹೋಗಿದ್ದೆ. ಬೆಳಗಿನ ಲೈವ್ ಮುಗಿಸಿ ಪಕ್ಕದ ಹಳ್ಳಿಯೊಂದಕ್ಕೆ ಹೋದಾಗ, ಕಟ್ಟೆಯ ಮೇಲೆ ಎಂಟೋ ಒಂಬತ್ತೋ ವರ್ಷದ ಒಂದು ಹುಡುಗಿ ಕೂತಿದ್ದಳು. ಸೊಂಟದ ಮೇಲೆ ತಮ್ಮ. ಶಾಲೆ ಇಲ್ವೇನಮ್ಮ ಅಂದೆ. 'ಅವ್ವ ಹೆಸರು ಬಿಡಿಸಾಕ ಹೋಗ್ಯಾಳ್ರೀ, ಇಂವನ್ನ ಯಾರ್ ನೋಡ್ಬೇಕು?' ಅಂದಳು. ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿ ಅಂಗನವಾಡಿ ಇತ್ತು. ಒಳಗೆ ಹೋದೆ. ಸಹಾಯಕಿ ಒಬ್ಬರೇ ಒಲೆ ಮುಂದೆ. ಹದಿನೈದು ಇಪ್ಪತ್ತು ಮಕ್ಕಳು ಚಾಪೆ ಮೇಲೆ ಕೈಕಟ್ಟಿ ಕೂತಿದ್ದವು, ಊಟಕ್ಕೆ ಕಾಯ್ತಾ. ಟೀಚರ್ ಎಲ್ಲಿ? ಯಾವುದೋ ಸರ್ವೆಗೆ ಹೋಗಿದ್ದಾರೆ. ಗೋಡೆ ಮೇಲೆ ಅ ಆ ಇ ಈ ಬರೆದಿತ್ತು. ಆಟದ ಸಾಮಾನು ಬೀರುವಿನಲ್ಲಿತ್ತು, ಬೀರುವಿಗೆ ಬೀಗ ಇತ್ತು.

ಡೆಸ್ಕಿಗೆ ಫೋನ್ ಮಾಡಿದೆ. 'ಇದರಲ್ಲಿ ಸ್ಟೋರಿ ಎಲ್ಲಿದೆ ಸಾರ್, ಧರಣಿ ಕಡೆ ಹೋಗಿ' ಅಂದರು. ಹೋದೆ.

ಸ್ಟೋರಿ ಅಲ್ಲೇ ಇತ್ತು ಅಂತ ನನಗೆ ತಿಳಿಯೋಕೆ ಕೆಲವು ವರ್ಷ ಬೇಕಾಯ್ತು. ಆ ಹುಡುಗಿ ಶಾಲೆ ಬಿಟ್ಟು ತಮ್ಮನನ್ನು ಹೊತ್ತಿದ್ದಳಲ್ಲ, ಇದೇ ಸಮಸ್ಯೆಯನ್ನು 70 ವರ್ಷ ಮೊದಲೇ ಇಬ್ಬರು ಹೆಂಗಸರು ಕಣ್ಣಾರೆ ಕಂಡು ಅದಕ್ಕೊಂದು ಪರಿಹಾರವನ್ನೂ ಹುಡುಕಿದ್ದರು. ಅದೂ ಎಲ್ಲಿ? ನರಗುಂದ, ರೋಣ ಯಾವ ಪ್ರಾಂತ್ಯದಲ್ಲಿದ್ದವೋ ಅದೇ ಪ್ರಾಂತ್ಯದಲ್ಲಿ. ನೆನಪಿರಲಿ, 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬೈಗೆ ಸೇರಿತ್ತು. ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯಂಥವರು ಏಕೀಕರಣಕ್ಕಾಗಿ ಬಡಿದಾಡ್ತಾ ಇದ್ದ ಕಾಲ ಅದು. ಆಗ ಅರಬ್ಬೀ ಸಮುದ್ರದ ದಂಡೆಯಲ್ಲಿ, ಗುಜರಾತ್ ಗಡಿಗೆ ಹತ್ತಿರದ ಬೋರ್ಡಿ ಅನ್ನೋ ಹಳ್ಳಿಯಲ್ಲಿ, 1945ರಲ್ಲಿ ತಾರಾಬಾಯಿ ಮೋಡಕ್ ಒಂದು ಬಾಲಶಿಕ್ಷಣ ಕೇಂದ್ರ ಶುರು ಮಾಡಿದರು. ಜೊತೆಗೆ ಬಂದವರು ಅನುತಾಯಿ ವಾಘ್. ಅನುತಾಯಿಗೆ ಹದಿಮೂರಕ್ಕೆ ಮದುವೆ, ಕೆಲವೇ ತಿಂಗಳಲ್ಲಿ ವೈಧವ್ಯ. ಆಮೇಲೆ ಓದಿ ಟೀಚರಾದ ಹೆಣ್ಣುಮಗಳು.

ತಾರಾಬಾಯಿಯ ಗುರು ಗಿಜುಭಾಯಿ ಬಧೇಕಾ. ವಕೀಲಿಕೆ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದವರು. ಮಕ್ಕಳಿಗೆ ಹೊಡೀಬೇಡಿ, ಕತೆ ಹೇಳಿ, ಆಡೋಕೆ ಬಿಡಿ ಅಂದವರು. ಮಾಂಟೆಸರಿ ಪದ್ಧತಿ ಇವರಿಬ್ಬರಿಗೂ ಇಷ್ಟ. ಆದರೆ ಆ ಪದ್ಧತಿಯ ಮರದ ಸಾಮಾನುಗಳು ದುಬಾರಿ, ಪೇಟೆಯ ಶ್ರೀಮಂತರ ಮಕ್ಕಳಿಗೆ ಮಾತ್ರ ಎಟಕುವಂಥವು. ತಾರಾಬಾಯಿ ಬೋರ್ಡಿಯಲ್ಲಿ ಮಾಡಿದ್ದೇನು? ಬೀಜ, ಕಲ್ಲು, ಎಲೆ, ಜೇಡಿಮಣ್ಣು, ಚಿಪ್ಪು, ಇವನ್ನೇ ಪಾಠದ ಸಾಮಾನು ಮಾಡಿದರು. ದಲಿತರ ಕೇರಿಯ, ಆದಿವಾಸಿ ಹಾಡಿಯ ಮಕ್ಕಳು ಬಾಲವಾಡಿಗೆ ಬರ್ತಿರಲಿಲ್ಲ. ಬರದಿದ್ದರೆ ಏನಂತೆ, ನಾವೇ ಅವರ ಅಂಗಳಕ್ಕೆ ಹೋಗೋಣ ಅಂತ ಹೊರಟರು. ಅಂಗಳದಲ್ಲಿ ನಡೆಯುವ ಬಾಲವಾಡಿ, ಅದೇ ಅಂಗನವಾಡಿ. ಹೆಸರು ಹುಟ್ಟಿದ್ದು ಹಾಗೆ. ಯಾವುದೋ ಸಚಿವಾಲಯದ ಫೈಲಿನಲ್ಲಿ ಅಲ್ಲ.

1957ರಲ್ಲಿ ಅವರು ಹತ್ತಿರದ ಕೋಸಬಾಡ್ ಗುಡ್ಡಕ್ಕೆ ಹೋದರು. ವಾರ್ಲಿ ಆದಿವಾಸಿಗಳ ಸೀಮೆ. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ನಾನು ನರಗುಂದದ ಹಳ್ಳಿಯಲ್ಲಿ ಕಂಡ ಅದೇ ಹುಡುಗಿ. ತಮ್ಮನನ್ನು ಹೊತ್ತಿರೋ ಅಕ್ಕ. ತಮ್ಮನಿಗೆ ಜಾಗ ಕೊಡದೆ ಅಕ್ಕನನ್ನು ಶಾಲೆಗೆ ಕರೆಯೋಕಾಗಲ್ಲ ಅನ್ನೋದು ಅವರಿಗೆ ಅರ್ಥವಾಯ್ತು. ಕೂಸುಗಳಿಗೆ ಶಿಶುಪಾಲನೆ, ಮೂರರಿಂದ ಆರು ವರ್ಷದವರಿಗೆ ಬಾಲವಾಡಿ, ದೊಡ್ಡವರಿಗೆ ಪ್ರಾಥಮಿಕ ಶಾಲೆ, ಮೂರನ್ನೂ ಒಂದೇ ಅಂಗಳದಲ್ಲಿ ಇಟ್ಟರು. ವಿಕಾಸವಾಡಿ ಅಂತ ಕರೆದರು. ದನ ಕಾಯುವ ಮಕ್ಕಳು ಬರಲ್ಲ ಅಂದಾಗ ಹುಲ್ಲುಗಾವಲಿಗೇ ಶಾಲೆ ತಗೊಂಡು ಹೋದರು. ಇವತ್ತು ನಾವು ದೊಡ್ಡ ದೊಡ್ಡ ವರ್ಕ್‌ಶಾಪ್ ಮಾಡಿ ಪಿಪಿಟಿ ಹಾಕಿ ಹೇಳೋದನ್ನ ಆ ಇಬ್ಬರು ಗುಡ್ಡದ ಮೇಲೆ ಮಾಡಿ ತೋರಿಸಿದ್ದರು.

ಈಗ ಸರ್ಕಾರ ಬರುತ್ತೆ ನೋಡಿ ಕತೆಗೆ. 1974ರಲ್ಲಿ ಮಕ್ಕಳಿಗಾಗಿ ರಾಷ್ಟ್ರೀಯ ನೀತಿ ಬಂತು. 1975ರ ಅಕ್ಟೋಬರ್ 2, ತುರ್ತುಪರಿಸ್ಥಿತಿಯ ನಡುವೆ, ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯ್ತು. ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಒಂದು, ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿ 100 ಅಂಗನವಾಡಿ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು. ತಾರಾಬಾಯಿ ಇದನ್ನ ನೋಡಲಿಲ್ಲ, 1973ರಲ್ಲೇ ತೀರಿಕೊಂಡಿದ್ದರು. ಅವರು ಕಟ್ಟಿದ್ದ ಹೆಸರು ಮಾತ್ರ ದೇಶದ ತುಂಬ ಬೋರ್ಡುಗಳ ಮೇಲೆ ಬಂತು.

ಹೆಸರಿನ ಜೊತೆ ಪಾಠ ಬಂತಾ? ಅಂಗನವಾಡಿಗೆ ಆರು ಕೆಲಸ ವಹಿಸಿದರು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸೋದು, ತಾಯಂದಿರಿಗೆ ತಿಳಿವಳಿಕೆ, ಆಮೇಲೆ ಶಾಲಾಪೂರ್ವ ಶಿಕ್ಷಣ. ಇದರಲ್ಲಿ ಐದನ್ನು ಲೆಕ್ಕ ಹಾಕಬಹುದು. ಎಷ್ಟು ಕೆಜಿ ಅಕ್ಕಿ, ಎಷ್ಟು ಮೊಟ್ಟೆ, ಎಷ್ಟು ಲಸಿಕೆ, ರಿಜಿಸ್ಟರಿನಲ್ಲಿ ಬರೀಬಹುದು, ಮೇಲಧಿಕಾರಿ ಬಂದರೆ ತೋರಿಸಬಹುದು. ಮಗು ಇವತ್ತು ಒಂದು ಹೊಸ ಪ್ರಶ್ನೆ ಕೇಳಿತು ಅನ್ನೋದಕ್ಕೆ ಯಾವ ಕಾಲಂ ಇದೆ? ಹೀಗಾಗಿ ಆರನೆಯದು ಮೊದಲು ಹಿಂದೆ ಬಿತ್ತು, ಆಮೇಲೆ ಕೈಬಿಟ್ಟೇ ಹೋಯ್ತು. ಊಟವನ್ನು ನಾನು ಹಗುರ ಮಾಡ್ತಿಲ್ಲ. ರೋಣದ ಬರದಲ್ಲಿ ಮಗುವಿಗೆ ಒಂದು ಹೊತ್ತಿನ ಬಿಸಿಯೂಟ ಅಂದರೆ ಏನು ಅಂತ ಆ ಊರಿನವರನ್ನ ಕೇಳಿ. 2001ರಲ್ಲಿ ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಪ್ರಕರಣದಲ್ಲಿ ಮಧ್ಯಪ್ರವೇಶ ಮಾಡದಿದ್ದರೆ ಅರ್ಧಕ್ಕರ್ಧ ಹಳ್ಳಿಗೆ ಅಂಗನವಾಡಿ ಬರೋಕೆ ಇನ್ನೆಷ್ಟು ವರ್ಷ ಆಗ್ತಿತ್ತೋ.

ಅದಕ್ಕಿಂತ ದೊಡ್ಡ ತಪ್ಪು ಸಂವಿಧಾನದ ಪುಟದಲ್ಲೇ ನಡೀತು. ಇದರ ಬಗ್ಗೆ ನಮ್ಮ ಚಾನೆಲ್‌ಗಳಲ್ಲಿ ಒಂದು ಡಿಬೇಟ್ ನಡೆದಿದ್ದು ನನಗಂತೂ ನೆನಪಿಲ್ಲ. 1950ರ ಸಂವಿಧಾನದ 45ನೇ ವಿಧಿ ಏನು ಹೇಳಿತ್ತು ಗೊತ್ತಾ? ಹತ್ತು ವರ್ಷದೊಳಗೆ, 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡೋಕೆ ಪ್ರಯತ್ನಿಸಬೇಕು. ಗಮನಿಸಿ, ಎಷ್ಟು ವರ್ಷದಿಂದ ಅಂತ ಅದರಲ್ಲಿ ಇರಲಿಲ್ಲ. 14ರವರೆಗೆ ಅಷ್ಟೇ. ಮೂರು ವರ್ಷದ ಮಗುವೂ ಆ ಸಾಲಿನ ಒಳಗೇ ಇತ್ತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 14ರವರೆಗಿನ ಶಿಕ್ಷಣ ಮೂಲಭೂತ ಹಕ್ಕು ಅಂದಿತು. ಆಮೇಲೆ 2002ರಲ್ಲಿ 86ನೇ ತಿದ್ದುಪಡಿ. ಪತ್ರಿಕೆಗಳೆಲ್ಲ ಚಪ್ಪಾಳೆ ಹೊಡೆದವು, ಶಿಕ್ಷಣ ಮೂಲಭೂತ ಹಕ್ಕಾಯ್ತು ಅಂತ. ಹಕ್ಕಾಗಿದ್ದು ಆರರಿಂದ 14 ವರ್ಷದವರಿಗೆ. ಆರರೊಳಗಿನವರನ್ನು 45ನೇ ವಿಧಿಯಲ್ಲಿ ಬಿಟ್ಟು, ರಾಜ್ಯವು 'ಪ್ರಯತ್ನಿಸತಕ್ಕದ್ದು' ಅಂತ ಬರೆದರು. ಒಳಗಿದ್ದ ಮಗು ಹೊರಗೆ ಹೋಯ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್‌ನಲ್ಲೂ ಸರ್ಕಾರ ಅಗತ್ಯ ವ್ಯವಸ್ಥೆ 'ಮಾಡಬಹುದು' ಅಂತಿದೆ. 'ಮಾಡಬಹುದು' ಮತ್ತು 'ಮಾಡಲೇಬೇಕು' ನಡುವೆ ಎಷ್ಟು ದೂರ ಅಂತ ಮಹದಾಯಿ ನೀರಿಗೆ ಕಾದು ಕೂತ ನರಗುಂದದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಈ ಖಾಲಿ ಜಾಗಕ್ಕೆ ಸ್ವಯಂಸೇವಾ ಸಂಸ್ಥೆಗಳು ಬಂದವು. 1990ರ ದಶಕದ ಮಧ್ಯದಲ್ಲಿ ಮುಂಬೈನಲ್ಲಿ ಪ್ರಥಮ್ ಶುರುವಾಗಿ ಕೊಳೆಗೇರಿಗಳಲ್ಲಿ ಬಾಲವಾಡಿ ನಡೆಸಿತು. 2000ದಲ್ಲಿ ಬೆಂಗಳೂರಿನಲ್ಲಿ ಅಕ್ಷರ ಫೌಂಡೇಶನ್ ಬಂತು. ಮೊದಲು ತನ್ನದೇ ಬಾಲವಾಡಿಗಳು, ಆಮೇಲೆ ಸರ್ಕಾರದ ಅಂಗನವಾಡಿಗಳ ಜೊತೆಗೇ ಕೆಲಸ. ಯಾದಗಿರಿಯಲ್ಲಿ ಟಾಟಾ ಟ್ರಸ್ಟ್ಸ್ ಬೆಂಬಲದ ಕಲಿಕೆ ಸಂಸ್ಥೆ ಅಂಗನವಾಡಿಗಳ ಒಳಗೆ ಹೋಯ್ತು. ಇಲಾಖೆಯೂ ಸುಮ್ಮನೆ ಕೂರಲಿಲ್ಲ, 'ಚಿಲಿಪಿಲಿ' ಅಂತ ಆಟ ಪಾಠದ ಪುಸ್ತಕ ತಂದಿತು. ಈಗ ರೋಣ, ನರಗುಂದ, ಗಜೇಂದ್ರಗಡದಲ್ಲೂ ಸಂಸ್ಥೆ ಮತ್ತು ಸರ್ಕಾರ ಕೈಜೋಡಿಸಿ ಬಡ ಮಕ್ಕಳ ಶಾಲಾಪೂರ್ವ ಶಿಕ್ಷಣ ಸುಧಾರಿಸುವ ಮಾತು ನಡೀತಿದೆ. ಇದನ್ನ ಕೆಲವರು ಸರ್ಕಾರದ ಕೆಲಸವನ್ನ ಖಾಸಗಿಯವರಿಗೆ ಕೊಡ್ತಿದ್ದಾರೆ ಅಂತ ಬೈತಾರೆ. ಕೆಲವರು ಇದೇ ಉದ್ಧಾರ ಅಂತ ಹೊಗಳ್ತಾರೆ. ಇಬ್ಬರೂ ಕೋಸಬಾಡ್ ಮರೆತಿದ್ದಾರೆ. ಅಂಗನವಾಡಿಯೇ ಒಂದು ಸ್ವಯಂಸೇವಾ ಸಂಸ್ಥೆಯ ಕೂಸು, ಸರ್ಕಾರ ದತ್ತು ತಗೊಂಡಿದ್ದು. (ಬಾಬಾಸಾಹೇಬನಿಗೆ ಸಿಗದ ಅನುಮತಿ ಸರ್ಕಾರಕ್ಕೆ ತಾನೇ ಸಿಕ್ಕಿತು ಅನ್ನಿ.) ದತ್ತು ತಗೊಂಡ ಮೇಲೆ ಕೂಸಿಗೆ ಊಟ ಹಾಕಿದರು, ಆಟ ಮರೆತರು.

ಹಾಗಾದರೆ ನಾನು ಕೇಳೋ ಪ್ರಶ್ನೆ ಒಂದೇ. ಸಂಸ್ಥೆ ಮೂರು ವರ್ಷಕ್ಕೋ ಐದು ವರ್ಷಕ್ಕೋ ಬರುತ್ತೆ. ದುಡ್ಡು ಕೊಡೋರ ಅವಧಿ ಮುಗಿಯುತ್ತೆ, ಹೋಗುತ್ತೆ. ಹೋದ ಮೇಲೆ ಆ ಕೋಣೆಯಲ್ಲಿ ಉಳಿಯೋರು ಯಾರು? ಟೀಚರ್. ಅವರಿಗೆ ನಾವೇನು ಕೊಟ್ಟಿದ್ದೀವಿ?

1975ರಲ್ಲಿ ಮೆಟ್ರಿಕ್ ಆದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100. ಅದನ್ನು ಸಂಬಳ ಅನ್ನಲಿಲ್ಲ, ಗೌರವಧನ ಅಂದರು. ಇವತ್ತಿಗೂ ಅದೇ ಪದ. ಕೇಂದ್ರ ಸರ್ಕಾರ 2018ರಲ್ಲಿ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ಅಂತ ನಿಗದಿ ಮಾಡಿತು, ಉಳಿದದ್ದನ್ನ ರಾಜ್ಯ ಸೇರಿಸುತ್ತೆ. 2025-26ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಏರಿಸಿದರು. ಗ್ರಾಚ್ಯುಟಿ ಸಿಗಬೇಕು ಅಂತ ಹೇಳಿಸಿಕೊಳ್ಳೋಕೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯ್ತು, ತೀರ್ಪು ಬಂದದ್ದು 2022ರ ಏಪ್ರಿಲ್‌ನಲ್ಲಿ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. 2017ರ ಮಾರ್ಚ್‌ನಲ್ಲಿ ರಾಜ್ಯದ ಅಂಗನವಾಡಿ ಹೆಣ್ಣುಮಕ್ಕಳು ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕ್ ಹತ್ತಿರ ಶೇಷಾದ್ರಿ ರಸ್ತೆಯಲ್ಲಿ ಹಗಲು ರಾತ್ರಿ ಕೂತರು. ಡಾಂಬರಿನ ಮೇಲೆ ಮಲಗಿದರು. ಆವತ್ತು ನಾನು ಬುಲೆಟಿನ್ ಓದ್ತಾ ಇದ್ದೆ. ನನ್ನ ಮೊದಲ ವಾಕ್ಯ ಟ್ರಾಫಿಕ್ ಜಾಮ್ ಬಗ್ಗೆ. ಯಾವ ರಸ್ತೆ ಬಂದ್, ಬದಲಿ ಮಾರ್ಗ ಯಾವುದು, ಆಫೀಸಿಗೆ ಹೋಗೋರ ಗೋಳು ಏನು. ಆ ಹೆಂಗಸರು ದಿನಾ ಯಾವ ಕೆಲಸ ಮಾಡ್ತಾರೆ ಅಂತ ನಾನು ಹೇಳಲಿಲ್ಲ. ಅವರು ಬೆಂಗಳೂರಲ್ಲಿ ಮಲಗಿದ್ದಷ್ಟು ದಿನ ಊರಲ್ಲಿ ಮಕ್ಕಳನ್ನ ಯಾರು ನೋಡ್ತಿದ್ದಾರೆ ಅಂತ ಕೇಳಲೂ ಇಲ್ಲ.

ಈಗ ಒಂದು ಅಧ್ಯಯನದ ವಿಷಯ ಹೇಳ್ತೀನಿ, ಬೇಜಾರಾಗಬೇಡಿ, ಇದು ನಿಜಕ್ಕೂ ರುಚಿಯಾಗಿದೆ. ಪಕ್ಕದ ತಮಿಳುನಾಡಿನಲ್ಲಿ ಸರ್ಕಾರದ ಜೊತೆ ಸೇರಿ ಸಂಶೋಧಕರು ನಾಲ್ಕು ಜಿಲ್ಲೆಗಳ 320 ಅಂಗನವಾಡಿಗಳನ್ನ ತಗೊಂಡರು. ಅರ್ಧದಷ್ಟು ಕಡೆ ಒಬ್ಬರನ್ನು ಹೆಚ್ಚುವರಿಯಾಗಿ ಇಟ್ಟರು. ಅರ್ಧ ದಿನದ ಕೆಲಸ, ಮಕ್ಕಳಿಗೆ ಕಲಿಸೋದು ಮಾತ್ರ. ಒಂದೂವರೆ ವರ್ಷ ಆದ ಮೇಲೆ ನೋಡಿದರೆ ಕಲಿಸುವ ಸಮಯ ದುಪ್ಪಟ್ಟಾಗಿತ್ತು. ಮಕ್ಕಳ ಲೆಕ್ಕ, ಭಾಷೆ ಎರಡೂ ಸುಧಾರಿಸಿತ್ತು. ಆಶ್ಚರ್ಯ ಏನಪ್ಪಾ ಅಂದ್ರೆ ಅಪೌಷ್ಟಿಕತೆಯೂ ಇಳಿದಿತ್ತು! ಯಾಕೆ? ಹಳೇ ಕಾರ್ಯಕರ್ತೆಗೆ ಊಟ, ತೂಕ, ತಾಯಂದಿರ ಕಡೆ ನೋಡೋಕೆ ಸಮಯ ಸಿಕ್ಕಿತ್ತು. ಹೊಸ ಕಟ್ಟಡ ಇಲ್ಲ, ಟಿವಿ ಇಲ್ಲ, ಟ್ಯಾಬ್ ಇಲ್ಲ. ಇನ್ನೊಂದು ಜೊತೆ ಕೈ, ಅಷ್ಟೇ.

ಪೋಷಕರು ಇಷ್ಟು ದಿನ ಕಾಯಲಿಲ್ಲ ಬಿಡಿ. ರೋಣ, ಗಜೇಂದ್ರಗಡದ ಪೇಟೆಗಳಲ್ಲಿ ಬೆಳಗ್ಗೆ ನಿಂತರೆ ಟೈ ಕಟ್ಟಿಕೊಂಡ ಮೂರೂವರೆ ವರ್ಷದ ಮಕ್ಕಳನ್ನು ತುಂಬಿಕೊಂಡ ಟಂಟಂಗಳು ಕಾಣುತ್ತವೆ. ಸಾಲ ಮಾಡಿ ಎಲ್‌ಕೆಜಿಗೆ ಹಾಕ್ತಾರೆ. ಅಲ್ಲಾದರೂ ಏನಿದೆ? 2011ರಿಂದ 2016ರವರೆಗೆ ರಾಜಸ್ಥಾನ, ಅವಿಭಜಿತ ಆಂಧ್ರ, ಅಸ್ಸಾಂನಲ್ಲಿ ಸಾವಿರಾರು ಮಕ್ಕಳ ಜೊತೆಜೊತೆಗೆ ನಡೆದ ಒಂದು ಅಧ್ಯಯನ ಹೇಳಿದ್ದು ಇಷ್ಟು: ಅಂಗನವಾಡಿಯಲ್ಲಿ ಕಲಿಕೆ ಕಡಿಮೆ, ಖಾಸಗಿಯಲ್ಲಿ ಬಾಯಿಪಾಠ, ಬರೆಸೋದು ಜಾಸ್ತಿ, ಎರಡೂ ಆ ವಯಸ್ಸಿಗೆ ತಕ್ಕದ್ದಲ್ಲ. ಅತ್ತ ಸರ್ಕಾರ 2019ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಿತು. ನಮ್ಮ ಮಕ್ಕಳನ್ನ ಕಿತ್ಕೊಂಡ್ರೆ ಅಂಗನವಾಡಿ ಮುಚ್ಚೇ ಹೋಗುತ್ತೆ ಅಂತ ಕಾರ್ಯಕರ್ತೆಯರು ಮತ್ತೆ ಬೀದಿಗೆ ಬಂದರು. ಒಂದೇ ಮಗುವಿಗಾಗಿ ಸರ್ಕಾರದ ಎರಡು ಇಲಾಖೆಗಳ ಎಳೆದಾಟ. ಆ ಮಗುವಿಗೆ ನಾಲ್ಕು ವರ್ಷ.

ಹಾಗಾಗಿ ಈ ಮೂರು ತಾಲ್ಲೂಕಿಗೆ ಬರುವ ಯಾವ ಸಂಸ್ಥೆಯಾದರೂ ಮೊದಲು ಊರು ನೋಡಬೇಕು. ಗಜೇಂದ್ರಗಡ ಅಂದರೆ ಪಾಠಪುಸ್ತಕದಲ್ಲಿ 1787ರ ಟಿಪ್ಪು-ಮರಾಠರ ಒಪ್ಪಂದ. ಮಗುವಿಗೆ ಅದು ಮಗ್ಗದ ಊರು, ಪಟ್ಟೇದ ಅಂಚಿನ ಸೀರೆ ನೇಯುವ ಊರು. ಮಗ್ಗದ ಸಪ್ಪಳದಲ್ಲೇ ಹುಟ್ಟಿದ ಮಗುವಿಗೆ ಎಣಿಕೆ ಕಲಿಸೋಕೆ ಎಳೆಗಳಿಗಿಂತ ಒಳ್ಳೇ ಸಾಮಾನು ಬೇಕಾ? ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತೆ. ಅದಕ್ಕೆ ಅಂಗನವಾಡಿಯ ಕನ್ನಡವೇ ಮೊದಲ ಪರಭಾಷೆ. ಉಳಿದವಕ್ಕೂ ಪುಸ್ತಕದ 'ಬನ್ನಿ, ಕುಳಿತುಕೊಳ್ಳಿ' ದೂರ, 'ಬರ್ರಿ, ಕುಂದರ್ರಿ' ಹತ್ತಿರ. ಸುಗ್ಗಿ ಮುಗಿದ ಮೇಲೆ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವ ಮನೆಯ ಮಗು ವರ್ಷದಲ್ಲಿ ಹಲವು ತಿಂಗಳು ಹಾಜರಿ ಪುಸ್ತಕದಲ್ಲೇ ಇರಲ್ಲ. ಅದಕ್ಕೆ ಏನು ಮಾಡ್ತೀರಿ? ಉಡುಗೊರೆ ಕೊಟ್ಟ ಪ್ಲಾಸ್ಟಿಕ್ ಜಾರುಬಂಡಿ ಉತ್ತರ ಕೊಡಲ್ಲ. ತಮ್ಮನನ್ನು ಹೊತ್ತ ಅಕ್ಕನಿಗೆ ಒಂದು ಉತ್ತರದ ಹಾಗೆ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಘೋಷಿಸಿತು, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಕೂಸುಗಳಿಗೆ. ಕೂಸಿನ ಮನೆ, ಅಂಗನವಾಡಿ, ಪ್ರಾಥಮಿಕ ಶಾಲೆ, ಮೂರನ್ನೂ ಒಂದೇ ಅಂಗಳದಲ್ಲಿ ನೆನೆಸಿಕೊಳ್ಳಿ. ಅದೇ ವಿಕಾಸವಾಡಿ. 1957ರದ್ದು.

ಇತ್ತೀಚೆಗೆ ಆ ಹಳ್ಳಿಗೆ ಮತ್ತೆ ಹೋಗಿದ್ದೆ, ಕ್ಯಾಮೆರಾ ಇಲ್ಲದೆ. ಟೀಚರ್ ಇದ್ದರು. ಮೊಬೈಲ್ ಎತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ ಹಾಕೋಕೆ ಸಿಗ್ನಲ್ ಹುಡುಕ್ತಾ. ಬೀರುವಿನ ಬೀಗ ಈಗಲೂ ಇತ್ತು, ಆದರೆ ಕೀಲಿ ಅದರಲ್ಲೇ ನೇತಾಡ್ತಿತ್ತು. ಇಬ್ಬರು ಮಕ್ಕಳು ಕೆಳಗೆ ಕೂತು ಹುಣಸೆ ಬೀಜ ಸಾಲಾಗಿ ಜೋಡಿಸ್ತಾ ಇದ್ದವು. ಸಂಸ್ಥೆಯವರು ಬಂದು ಏನು ಬೇಕು ಅಂತ ಕೇಳಿದರೆ ಏನು ಹೇಳ್ತೀರಿ ಅಂತ ಕೇಳಿದೆ. ಅವರು ಯೋಚನೆ ಮಾಡಲೇ ಇಲ್ಲ.

'ಸಾಮಾನು ಭಾಳ ಅದಾವ್ರೀ ಸರ್. ದಿನಾ ಮುಂಜಾನೆ ಎರಡು ತಾಸು ನನ್ನ ಯಾರೂ ಹೊರಗ ಕರೀಬಾರ್ದು. ಅಷ್ಟು ಮಾಡಿಸಿಕೊಡ್ರಿ ಅಂತೀನಿ.'

ಅಷ್ಟರಲ್ಲಿ ಫೋನ್ ಬಂತು. ಮಧ್ಯಾಹ್ನ ಮೂರಕ್ಕೆ ತಾಲ್ಲೂಕಿನಲ್ಲಿ ಮೀಟಿಂಗ್ ಅಂತೆ. ಅವರು ಸಹಾಯಕಿಗೆ ಹೇಳಿ ಚೀಲ ತಗೊಂಡರು.